ಗುಳ್ಳೆ ಫೋಟೋದ ಅಕ್ಕ

ಅವರು ಯಾರಿಗೂ ‘ಸ್ವಲ್ಪ ನಗಿ’ ಎಂದು ಹೇಳಿದವರಲ್ಲ. ಫೋಟೋಗೆ ಕೂತವರನ್ನು ಕ್ಯಾಮೆರಾದ ಹಿಂದಿನಿಂದ ಒಂದು ಗಳಿಗೆ ನೋಡಿ, "ಬೆಳಗ್ಗೆ ಏನ್ ಸಾರು ಮಾಡಿದ್ರಿ?" ಎಂದು ಕೇಳುತ್ತಿದ್ದರು. ಕೂತವರು ತಬ್ಬಿಬ್ಬಾಗಿ, "ಹುರುಳಿಕಾಳು ಸಾರು" ಎಂದೋ "ಬಸ್ಸಾರು" ಎಂದೋ ಹೇಳಿ, ಈ ಯಮ್ಮ ಇದನ್ನೇಕೆ ಕೇಳಿದರು ಎಂದು ಯೋಚಿಸುತ್ತ ಬಾಯಿ ಮುಚ್ಚುವಷ್ಟರಲ್ಲಿ ಕ್ಯಾಮೆರಾ ಕ್ಲಿಕ್ ಎಂದಿರುತ್ತಿತ್ತು. ಲೆನ್ಸಿನ ಮುಚ್ಚಳವನ್ನು ಅವರು ಹಲ್ಲಿನಲ್ಲಿ ಕಚ್ಚಿಕೊಂಡಿರುತ್ತಿದ್ದರು. ಹಾಗಾಗಿ ಎಷ್ಟು ಪ್ರೀತಿಯಿಂದ ಕೇಳಿದರೂ ಸಿಟ್ಟಿನಿಂದ ಕೇಳಿದ ಹಾಗೆ ಇರುತ್ತಿತ್ತು. ಕೊಳ್ಳೇಗಾಲದ ಎಷ್ಟೋ ಮನೆಗಳ ಗೋಡೆಯ ಮೇಲೆ ಇವತ್ತಿಗೂ ಸಾರಿನ ಹೆಸರು ಹೇಳಿ ಮುಗಿಸಿದ ಮುಖಗಳು ತೂಗುತ್ತಿವೆ. ನೋಡಿದರೆ ನನಗೆ ತಕ್ಷಣ ಗೊತ್ತಾಗುತ್ತದೆ.

ಊರಿಗೆಲ್ಲ ಅವರು ಫೋಟೋ ಅಕ್ಕ. ಸ್ಟುಡಿಯೋದ ಬೋರ್ಡಿನಲ್ಲಿ ಇದ್ದದ್ದು ಗಂಡನ ಹೆಸರು. ಅಕ್ಕನ ಸ್ವಂತ ಹೆಸರು ನನ್ನ ಕಿವಿಗೆ ಬಿದ್ದದ್ದು ಇಪ್ಪತ್ತು ವರ್ಷಗಳಲ್ಲಿ ಒಂದೇ ಸಲ, ಆಸ್ಪತ್ರೆಯಲ್ಲಿ ಚೀಟಿ ಬರೆಸುವಾಗ. ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಬೇರೆ ಯಾರದೋ ವಿಷಯ ಹೇಳುತ್ತಿದ್ದೇನೆ ಅನ್ನಿಸುತ್ತದೆ. ಅವರು ಹೋಗಿ ಇನ್ನೂ ಎರಡು ತಿಂಗಳಾಗಿಲ್ಲ.

ನಾನು ಮಾಂಬಳ್ಳಿಯವಳು. ಎಂಬತ್ತರ ದಶಕದ ಮೊದಲ ಭಾಗದಲ್ಲಿ ಕೊಳ್ಳೇಗಾಲದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಕೆಲಸ ಸಿಕ್ಕಿದಾಗ ನನಗೆ ಇಪ್ಪತ್ತೆರಡು. ಸ್ಟುಡಿಯೋದ ಮೇಲಿದ್ದ ಒಂಟಿ ಕೋಣೆಯನ್ನು ಬಾಡಿಗೆಗೆ ಹಿಡಿದು, ನನ್ನ ಟ್ರಂಕನ್ನು ಹೊತ್ತು ತಂದ ಅಪ್ಪ ಬಾಗಿಲಲ್ಲಿ ನಿಂತು ಅಳುಕುತ್ತ ಹೇಳಿದರು, "ಒಬ್ಳೇ ಮಗಳು ಕಣವ್ವ. ನಿಮ್ಮ ಮಡ್ಲಿಗೆ ಆಕ್ಬುಟ್ಟು ಓಯ್ತಾ ಇವ್ನಿ."

"ಮೆಟ್ಲು ನನ್ನ ಒಲೆ ಮುಂದ್ಗಡೆಯಿಂದ್ಲೇ ಅತ್ತಬೇಕು ಕಣಣ್ಣ," ಎಂದರು ಅಕ್ಕ. "ನಂಗೆ ಕಾಣ್ದಂಗೆ ಒಂದು ಇರುವೆನೂ ಮೇಲಕ್ಕೆ ಓಗಕಿಲ್ಲ. ನೀವು ನೆಮ್ಮದಿಯಾಗಿ ಬಸ್ಸತ್ತಿ."

ಆಗ ಅವರಿಗೆ ಮೂವತ್ತೈದರ ಆಚೀಚೆ. ಮಗ್ಗದವರ ಮನೆಯ ಮಗಳು. ಮಕ್ಕಳಿರಲಿಲ್ಲ. ಸೆರಗನ್ನು ಸೊಂಟಕ್ಕೆ ಬಿಗಿದು ಸಿಕ್ಕಿಸಿ, ಒಳಗಿನ ಕತ್ತಲೆ ಕೋಣೆಯಿಂದ ಹೊರಕ್ಕೆ, ಹೊರಗಿಂದ ಒಲೆಯ ಮುಂದಕ್ಕೆ ಓಡಾಡುತ್ತಿದ್ದರು. ಬೆರಳುಗಳಲ್ಲಿ ಸದಾ ಫೋಟೋ ತೊಳೆಯುವ ರಸಾಯನದ ವಾಸನೆ. ಮುದ್ದೆ ತಿರುವುವ ಮುಂಚೆ ಹುಣಸೆಹಣ್ಣು ಹಾಕಿ ಕೈ ಉಜ್ಜಿಕೊಳ್ಳುತ್ತಿದ್ದರು. ಅವರ ಯಜಮಾನರನ್ನು ನಾನು ಅಣ್ಣ ಎನ್ನುತ್ತಿದ್ದೆ, ಮೆದು ಮಾತಿನ ಮನುಷ್ಯ. ಎತ್ತರದ ಆಳು, ಬಿಳಿ ಪಂಚೆ, ತೋಳು ಮಡಚಿದ ಅಂಗಿ. ಮದುವೆ ಫೋಟೋ ಎಂದರೆ ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ಕಡೆ ಅವರೇ. ಪಕ್ಕದ ಮನೆಯಲ್ಲಿ ರೇಷ್ಮೆ ಮಗ್ಗ ಇತ್ತು. ಆ ಮನೆಯ ಸೊಸೆಯನ್ನು ನಾವು ಮಗ್ಗದ ಅತ್ತಿಗೆ ಎನ್ನುತ್ತಿದ್ದೆವು. ಬೆಳಗ್ಗೆ ನನಗೆ ಎಚ್ಚರವಾಗುತ್ತಿದ್ದದ್ದು ಅವರ ಮಗ್ಗದ ಲಟಕ್ ಲಟಕ್ ಸದ್ದಿಗೆ.

ಬಂದ ಮೊದಲ ವರ್ಷವೇ ಊರಿನ ಒಂದು ಮದುವೆಗೆ ನಾನೂ ಹೋಗಿದ್ದೆ. ಅಣ್ಣ ಫೋಟೋ ತೆಗೆಯುತ್ತಿದ್ದರು, ಅಕ್ಕ ಬ್ಯಾಗ್ ಹಿಡಿದು ಅವರ ಬೆನ್ನಿಗೇ ನಿಂತಿದ್ದರು. ಅಕ್ಕನ ತುಟಿ ಅಲ್ಲಾಡುತ್ತಿತ್ತು. ಏನೋ ಮಂತ್ರ ಹೇಳಿಕೊಳ್ಳುತ್ತಿದ್ದಾರೆ ಎಂದುಕೊಂಡೆ. ಹತ್ತಿರ ಹೋದಾಗ ಕೇಳಿಸಿತು. "ಆರಡಿ. ಆರಡಿ. ಈಗ ಎಂಟಡಿ. ಎಣ್ಣು ಎಡಕ್ಕವಳೆ. ತಲೆ ಎತ್ತುದ್ಲು, ಹೂಂ."

ಅಣ್ಣ ಆ ಅಳತೆಗೆ ಸರಿಯಾಗಿ ಲೆನ್ಸ್ ತಿರುಗಿಸಿ ಒತ್ತುತ್ತಿದ್ದರು.

ಮನೆಗೆ ಬಂದ ಮೇಲೆ ನಾನು ಕೇಳಲಿಲ್ಲ, ಅಕ್ಕನೇ ಹೇಳಿದರು. ಎರಡು ವರ್ಷದಿಂದ ಅಣ್ಣನ ಕಣ್ಣು ಕೆಡುತ್ತಿತ್ತು. ಕಣ್ಣಿನ ಹಿಂದಿನ ಪದರ ಸವೆಯುತ್ತಿದೆ, ಇದಕ್ಕೆ ಮದ್ದಿಲ್ಲ ಎಂದು ಮೈಸೂರಿನ ಡಾಕ್ಟರು ಹೇಳಿದ್ದರು. ನೋಡಿದ ಕಡೆ ನಟ್ಟನಡುವಿನದು ಮಾಯ, ಸುತ್ತಲಿನದು ಮಸುಕು. ಎದುರಿಗೆ ನಿಂತವರ ಮೈ ಕಾಣುತ್ತದೆ, ಮುಖ ಇಲ್ಲ. ಸ್ಟುಡಿಯೋದಲ್ಲಾದರೆ ಕುರ್ಚಿಯ ಜಾಗ, ಕ್ಯಾಮೆರಾದ ಜಾಗ ಎರಡಕ್ಕೂ ನೆಲದಲ್ಲಿ ಗುರುತು ಇತ್ತು, ತೊಂದರೆಯಿರಲಿಲ್ಲ. ಹೊರಗೆ ಹೋದಾಗ ಅಕ್ಕನೇ ಅವರ ಕಣ್ಣು. "ಯಾರ್ಗೂ ಯೋಳ್ಬೇಡ ಕಣಮ್ಮಿ," ಎಂದರು. "ಕಣ್ಣಿಲ್ದೋನು ಫೋಟೋ ತಗೀತಾನೆ ಅಂದ್ರೆ ಯಾರ್ ಕರ್ದಾರು?"

ನಾನು ಆ ಮಾತನ್ನು ಒಂದು ವರ್ಷ ಉಳಿಸಿಕೊಂಡೆ. ಆಮೇಲೆ ಉಳಿಸಿಕೊಳ್ಳಲಿಲ್ಲ.

ಸ್ಟುಡಿಯೋಗೆ ಫೋನ್ ಇರಲಿಲ್ಲ. ಹನೂರಿನ ಕಡೆಯವರು ಎಕ್ಸ್‌ಚೇಂಜಿಗೇ ಟ್ರಂಕ್ ಕಾಲ್ ಹಾಕಿ, "ಫೋಟೋದವರಿಗೆ ಇಂಥ ದಿನ ಬನ್ನಿ ಅಂತ ಯೋಳ್ಬುಡವ್ವ" ಎಂದು ನನಗೆ ಹೇಳುತ್ತಿದ್ದರು. ನಿಯಮಕ್ಕೆ ವಿರುದ್ಧವೇ, ಆದರೆ ಸಣ್ಣ ಊರಿನಲ್ಲಿ ಅದೆಲ್ಲ ನಡೆಯುತ್ತಿತ್ತು. ಹನೂರಿನ ಒಬ್ಬ ಜಮೀನುದಾರರು ಮಗಳ ಮದುವೆಗೆ ಹೀಗೇ ಹೇಳಿಸಿದ್ದರು. ಮದುವೆಗೆ ಹತ್ತು ದಿನ ಇರುವಾಗ ಮತ್ತೆ ಕರೆ ಬಂತು.

"ಅಲ್ಲ ಕಣವ್ವ, ಆವಯ್ಯಂಗೆ ಕಣ್ಣೇ ಕಾಣ್ಸಲ್ವಂತಲ್ಲ. ಸಂತೇಲಿ ಯಾರೋ ಅಂದ್ರು. ನೀನು ಅಲ್ಲೇ ಮೇಲ್ಗಡೆ ಇರೋಳು. ದಿಟವಾ?"

ಇಲ್ಲ ಎನ್ನಬೇಕಾಗಿತ್ತು. ನನ್ನ ಬಾಯಿಂದ ಬಂದದ್ದು, "ಸ್ವಲ್ಪ... ಸಂಜೆ ಹೊತ್ತು ಸ್ವಲ್ಪ..."

"ಬುಡು, ಗೊತ್ತಾಯ್ತು," ಎಂದು ಅವರು ಫೋನಿಟ್ಟರು. ಮೂರೇ ದಿನದಲ್ಲಿ ಆ ಮದುವೆಯೂ ಹೋಯಿತು, ಅದರ ನಂತರದ ಎರಡು ಮದುವೆಗಳೂ ಹೋದವು.

ಅಕ್ಕ ಹಿತ್ತಲಲ್ಲಿ ಸೊಪ್ಪು ಬಿಡಿಸುತ್ತ ಕೂತಿದ್ದರು. ನಾನು ಮೆಟ್ಟಿಲ ಮೇಲೆ ಕೂತು ಅಳುತ್ತ ಎಲ್ಲ ಹೇಳಿದೆ. ಬೈಯುತ್ತಾರೆ, ಕೋಣೆ ಖಾಲಿ ಮಾಡು ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ಸೊಪ್ಪಿನ ಕಡ್ಡಿ ಬಿಡಿಸುವುದನ್ನು ನಿಲ್ಲಿಸಲೂ ಇಲ್ಲ.

"ಸುಳ್ಳು ಯೋಳೋ ಕಷ್ಟ ನಂಗೊಬ್ಳಿಗೇ ಇರ್ಲಿ ಅಂತಿದ್ದೆ," ಎಂದರು. "ನಿನ್ ಕೈಲೂ ಯೋಳ್ಸಕ್ಕೆ ಓದ್ನಲ್ಲ, ಅದು ನಂದೇ ತಪ್ಪು. ಎದ್ದು ಮುಖ ತೊಳ್ಕೊ."

ಮರುದಿನ ಬೆಳಗ್ಗೆ ಅವರು ಎಕ್ಸ್‌ಚೇಂಜಿಗೆ ಬಂದರು. ಮೊದಲ ಸಲ. ಹನೂರಿನ ಆ ಮನೆಗೆ ಲೈನ್ ಕೊಡು ಎಂದರು. ಕೊಟ್ಟೆ.

"ನಾನು ಫೋಟೋದವರ ಮನೆಯವ್ಳು ಮಾತಾಡ್ತಿರದು," ಎಂದರು ಅಕ್ಕ. "ಅವ್ರಿಗೆ ಕಣ್ಣು ಮಂಜಾಗದ, ದಿಟ. ಮೂರು ವರ್ಸದಿಂದ ಅಳ್ತೆ ಯೋಳ್ತಾ ಇರದು ನಾನು. ನಿಮ್ ಮಗಳ ಮದ್ವೆ ನಾನೇ ತೆಗಿತೀನಿ."

ಆ ಕಡೆಯ ದನಿ ನನ್ನ ಕಿವಿಗೂ ಬೀಳುತ್ತಿತ್ತು. "ಎಂಗಸ್ರು ಎಲ್ಲಾದ್ರೂ ಮದ್ವೆ ಫೋಟೋ ತೆಗ್ದುದ್ದುಂಟಾ?"

"ಮದ್ವೇಲಿ ಎಣ್ಣು ಮಕ್ಳೇ ಜಾಸ್ತಿ ಇರದು ಕಣ್ರಿ. ಅವ್ರನ್ನ ತಗಿಯಾಕೆ ನನ್ಗಿಂತ ಯಾರು ಬೇಕು? ಚೆಂದಾಗ್ ಬರ್ದಿದ್ರೆ ನಿಮ್ ಮುಂದೆಯೇ ರೀಲು ಸುಟ್ಟಾಕ್ತೀನಿ."

ಆ ಕಡೆ ಯಾರೋ ಹೆಂಗಸರ ಮಾತು ಕೇಳಿಸಿತು. ಹುಡುಗಿಯ ತಾಯಿ ಇರಬೇಕು. ಕೊನೆಗೆ, "ಆಗ್ಲಿ, ಬನ್ನಿ," ಎಂಬ ಗೊಣಗಾಟ ಬಂತು.

ನಾನು ರಜ ಹಾಕಿ ಅಕ್ಕನ ಜೊತೆ ಹನೂರಿಗೆ ಹೋದೆ. ಮದುವೆಯ ಹಿಂದಿನ ಸಂಜೆ ಚಪ್ಪರದಲ್ಲಿ ಆರತಕ್ಷತೆ. ಚಪ್ಪರದ ತುಂಬ ಸೀರಿಯಲ್ ಸೆಟ್ಟಿನ ದೀಪದ ಸರ ಇಳಿಬಿಟ್ಟಿದ್ದರು. ಕೆಂಪು, ಹಸಿರು, ಹಳದಿ. ಗಂಡಸರು ಗುಂಪಾಗಿ ನಿಂತು, ಸೀರೆ ಸೊಂಟಕ್ಕೆ ಸಿಕ್ಕಿಸಿ ಮುಚ್ಚಳ ಕಚ್ಚಿಕೊಂಡ ಅಕ್ಕನನ್ನು ನೋಡುತ್ತಿದ್ದರು. ಐದಾರು ಫೋಟೋ ಆಗಿರಬೇಕು, ಫ್ಲ್ಯಾಶ್ ಕೆಟ್ಟಿತು. ಬ್ಯಾಟರಿ ಬದಲಾಯಿಸಿದರೂ ಬೆಳಕಿಲ್ಲ. ಹುಡುಗಿಯ ತಂದೆ ದೂರದಿಂದಲೇ ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು.

ಅಕ್ಕ ಸುತ್ತ ಕಣ್ಣಾಡಿಸಿದರು. ಆಮೇಲೆ ಹುಡುಗಿಯನ್ನು ಚಪ್ಪರದ ಈ ಅಂಚಿಗೆ ಕರೆತಂದು ಅಡುಗೆಯವರ ಗ್ಯಾಸ್‌ಲೈಟಿನ ಪಕ್ಕ ನಿಲ್ಲಿಸಿದರು. "ಲೆನ್ಸಿನ ಬಾಯಿ ಪೂರ್ತಿ ತಗ್ದಿವ್ನಿ," ಎಂದು ನನಗೆ ಪಿಸುಗುಟ್ಟಿದರು. "ಇರೋಬರೋ ಬೆಳಕ ಕುಡೀಲಿ." ಹುಡುಗಿಗೆ ಏನು ಸಾರು ಎಂದು ಕೇಳಿದರು. ಹುಡುಗಿ, "ನಾಳೆಯಿಂದ ನಾನು ಮಾಡ್ಬೇಕಲ್ಲ, ಅದೇ ಯೋಚ್ನೆ," ಎಂದು ಫಕ್ಕನೆ ನಕ್ಕಳು.

ರೀಲು ಬಸ್ಸಿನಲ್ಲಿ ಮೈಸೂರಿನ ಕಲರ್ ಲ್ಯಾಬಿಗೆ ಹೋಗಿ ಬರಲು ಒಂದು ವಾರ. ಆ ವಾರ ಅಕ್ಕ ಸರಿಯಾಗಿ ಊಟ ಮಾಡಲಿಲ್ಲ. ಪ್ರಿಂಟುಗಳು ಬಂದಾಗ ಇಬ್ಬರೂ ನೆಲದ ಮೇಲೆ ಹರಡಿಕೊಂಡು ನೋಡಿದೆವು. ಹುಡುಗಿಯ ಮುಖ ಕಣ್ರೆಪ್ಪೆ ಎಣಿಸುವಷ್ಟು ಚೊಕ್ಕವಾಗಿ ಬಂದಿತ್ತು. ಹಿಂದಿನ ಸೀರಿಯಲ್ ಸೆಟ್ ಮಾತ್ರ ಬಲ್ಬುಗಳಾಗಿ ಉಳಿದಿರಲಿಲ್ಲ. ಒಂದೊಂದೂ ಉಬ್ಬಿ, ದುಂಡಗಾಗಿ, ಒಂದರ ಮೇಲೊಂದು ಹತ್ತಿಕೊಂಡು ಸೋಪಿನ ಗುಳ್ಳೆಗಳ ಹಾಗೆ ತೇಲುತ್ತಿದ್ದವು.

"ಕೆಟ್ಟೋಯ್ತು," ಎಂದರು ಅಕ್ಕ. "ಇಂದ್ಗಡೆ ಎಲ್ಲಾ ಗುಳ್ಳೆ ಗುಳ್ಳೆ."

ಕುರ್ಚಿಯಲ್ಲಿ ಕೂತಿದ್ದ ಅಣ್ಣ ಕೇಳಿದರು, "ಏ ಇವ್ಳೇ, ಎಂಗೆ ಗುಳ್ಳೆ? ಯೋಳು."

"ದೀಪ ಎಲ್ಲಾ ದಪ್ಪ ಆಗ್ಬುಟ್ಟವ. ಅಂಚಿಲ್ಲ. ಕೆಂಪು ಓಗಿ ಅಸ್ರು ಮ್ಯಾಲೆ ಅತ್ಕೊಂಡದ."

"ಅದೇ ಕಣೇ ನಂಗೆ ಕಾಣೋದು," ಎಂದರು ಅಣ್ಣ.

ಅಕ್ಕ ತಿರುಗಿ ಅವರ ಮುಖ ನೋಡಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ಮೂರು ವರ್ಷದಿಂದ ಅವರು ಗಂಡನಿಗೆ ಏನು ಕಾಣುವುದಿಲ್ಲ ಎಂಬುದನ್ನಷ್ಟೇ ಕೇಳಿದ್ದರು. ಏನು ಕಾಣುತ್ತದೆ ಎಂದು ಕೇಳಿರಲಿಲ್ಲ.

ಹನೂರಿನವರು ಫೋಟೋ ನೋಡಿ ರೀಲು ಸುಡಿಸಲಿಲ್ಲ. ಹುಡುಗಿಯ ತಂದೆ, "ಬಲ್ಬ್ಯಾಕೆ ಇಂಗಾಗವ?" ಎಂದು ತಕರಾರು ತೆಗೆದರಂತೆ. ಹುಡುಗಿ ಮಾತ್ರ ಆ ಒಂದು ಫೋಟೋವನ್ನು ಗಂಡನ ಮನೆಗೆ ಹೊತ್ತುಕೊಂಡು ಹೋದಳು.

ಆ ವರ್ಷದ ದೀಪಾವಳಿಗೆ ನಾನು ಊರಿಗೆ ಹೋಗಲಿಲ್ಲ. ನನಗೆ ಡ್ಯೂಟಿ ಇತ್ತು. ಎದುರಿನ ರೇಷ್ಮೆ ಸೀರೆ ಅಂಗಡಿಯವರು ಮಾಳಿಗೆಯಿಂದ ಬಾಗಿಲವರೆಗೆ ಸೀರಿಯಲ್ ಸೆಟ್ ಹಾಕಿದ್ದರು. ಡ್ಯೂಟಿ ಮುಗಿಸಿ ಬಂದರೆ ಅಕ್ಕ ಮೆಟ್ಟಿಲಲ್ಲೇ ಕೈಹಿಡಿದು ನಿಲ್ಲಿಸಿದರು. "ಮುಖ ತೊಳ್ಕೊಂಡು ತಾರಸಿಗೆ ಬಾ. ಬೇಗ. ಆಕಾಸ ನೀಲಿ ಇರಂಗೇ ಬಾ."

ತಾರಸಿಯ ಮೇಲೆ ಅಣ್ಣನನ್ನು ಕುರ್ಚಿ ಹಾಕಿ ಕೂರಿಸಿದ್ದರು. ನನಗೊಂದು ಸ್ಟೂಲು. ಬಿಸ್ಕತ್ತಿನ ತಗಡಿನ ಡಬ್ಬಿಯೊಳಗೆ ಬಲ್ಬಿಟ್ಟು, ಬಾಯಿಗೆ ಎಣ್ಣೆ ಕಾಗದ ಕಟ್ಟಿ, ನನ್ನ ಕೆನ್ನೆಯ ಕಡೆಗೆ ತಿರುಗಿಸಿದ್ದರು. ಹೊತ್ತು ಮುಳುಗಿ ಕತ್ತಲೆ ಪೂರ್ತಿ ಇಳಿಯುವ ಮುಂಚಿನ ಹತ್ತು ನಿಮಿಷ ಅದು. ಆ ಹೊತ್ತಿನಲ್ಲಿ ಆಕಾಶಕ್ಕೂ ಬಣ್ಣ ಇರುತ್ತದೆ, ದೀಪಕ್ಕೂ ಬಣ್ಣ ಇರುತ್ತದೆ ಎಂದು ಅಕ್ಕ ಆಮೇಲೆ ಎಷ್ಟೋ ಸಲ ಹೇಳುತ್ತಿದ್ದರು.

"ಈಗ ಯೋಳ್ರಿ," ಎಂದರು ಗಂಡನಿಗೆ. "ಎದ್ರಂಗಡಿ ದೀಪ ಎಷ್ಟು ದಪ್ಪ ಕಾಣ್ತವ? ಕೈಲಿ ತೋರ್ಸಿ."

ಅಣ್ಣ ಹೆಬ್ಬೆರಳು ತೋರುಬೆರಳು ಸೇರಿಸಿ ಒಂದು ದುಂಡು ಮಾಡಿದರು.

ಅಕ್ಕ ಕ್ಯಾಮೆರಾದೊಳಗೆ ನೋಡಿದರು. "ಈಗ ಅಡಕೆಯಷ್ಟದ. ನೀವು ತೋರ್ಸದು ನಿಂಬೆಣ್ಣು. ಅಮ್ಮಿ, ಒಂದಡಿ ನನ್ ಕಡೆಗೆ ಸರ್ಕೊ." ಸರಿದೆ. "ಇನ್ನರ್ಧ ಅಡಿ. ಹಾಂ, ಆಯ್ತು. ನಿಂಬೆಣ್ಣಾಯ್ತು." ಮತ್ತೆ ಗಂಡನಿಗೆ, "ಮಿಣಮಿಣ ಅಂತವೋ, ಅಲ್ಲಾಡ್ದಂಗವೋ?"

"ಅಲ್ಲಾಡಕಿಲ್ಲ. ನೀರ್ನಾಗೆ ನಿಂತಂಗೆ ನಿಂತವ."

"ಬಣ್ಣ?"

"ಅಂಗಡಿ ಸೀರೆನೆಲ್ಲಾ ಒಟ್ಗೆ ಒಗ್ದಾಕಿದಂಗೆ."

ಅಕ್ಕನಿಗೆ ನಗು ಬಂತು. ಮುಚ್ಚಳ ಬಾಯಿಂದ ಬಿದ್ದು ತಾರಸಿಯ ಮೇಲೆ ಉರುಳಿತು. ನಾನೂ ನಕ್ಕೆ. "ಉಸ್ರು ಬುಡ್ಬೇಡ, ಉಸ್ರು ಬುಡ್ಬೇಡ," ಎನ್ನುತ್ತಲೇ ಅವರು ಒತ್ತಿದರು.

ಆ ಫೋಟೋ ಬಂದ ದಿನ ಅಣ್ಣ ಅದನ್ನು ತೊಡೆಯ ಮೇಲಿಟ್ಟುಕೊಂಡು ನುಣುಪಾದ ಕಾಗದದ ಮೇಲೆ ಬೆರಳಾಡಿಸಿದರು. "ಏನೈತೆ ಇದ್ರಲ್ಲಿ?" ಎಂದು ಕೇಳಿದರು.

"ನಿಮ್ಗೆ ಕಾಣೋದು ಇಂದ್ಗಡೆ ಅದ. ನಂಗೆ ಕಾಣೋದು ಮುಂದ್ಗಡೆ ಅದ," ಎಂದರು ಅಕ್ಕ. "ಇಬ್ರುದೂ ಒಂದೇ ಕಾಗ್ದದಲ್ಲಿ."

ಹೀಗೆ ಶುರುವಾದದ್ದು ಗುಳ್ಳೆ ಫೋಟೋ. ಅಕ್ಕ ಅದನ್ನು ಸ್ಟುಡಿಯೋದ ಗಾಜಿನೊಳಗೆ ಇಟ್ಟ ಮೇಲೆ ಜನ ನಿಂತು ನೋಡುತ್ತಿದ್ದರು. ಮೊದಮೊದಲು ಬೈದವರೇ ಹೆಚ್ಚು. ತಾಜಮಹಲಿನ ಪರದೆ, ಮೆಟ್ಟಿಲಿನ ಪರದೆ, ಹೂದೋಟದ ಪರದೆ ಒಳಗೆ ಇರುವಾಗ ಇದೇನು ಮಬ್ಬು ಎನ್ನುತ್ತಿದ್ದರು. ಕ್ರಿಸ್‌ಮಸ್ಸಿನ ಹೊತ್ತಿಗೆ ಹನೂರಿನ ಆಚೆಯಿಂದ ಒಂದು ಕುಟುಂಬ ಹುಟ್ಟಿ ಮೂರು ತಿಂಗಳ ಕೂಸನ್ನು ತಂದು, "ಅಂಗೇ ತಗೀರಿ, ಅಕ್ಕಾ, ಅಂತವೇ ಗುಳ್ಳೆ ಬರ್ಲಿ," ಎಂದು ಕೇಳಿತು. ತಾಯಿಗೆ ತಮಿಳು, ತಂದೆಗೆ ಕನ್ನಡ, ಕೂಸಿಗೆ ಅಳು. ಅವರು ನಕ್ಷತ್ರದ ದೀಪವನ್ನೂ ಜೊತೆಯಲ್ಲೇ ತಂದಿದ್ದರು. ಅದಾದ ಮೇಲೆ ಗುಳ್ಳೆ ಫೋಟೋಗೆ ಜನ ಬರುವುದು ನಿಲ್ಲಲಿಲ್ಲ. ಗೌರಿಗಣೇಶ, ದಸರಾ, ದೀಪಾವಳಿ, ಕ್ರಿಸ್‌ಮಸ್, ಸಂಕ್ರಾಂತಿ. ದೀಪ ಇದ್ದ ಕಡೆ ಅಕ್ಕ ಇರುತ್ತಿದ್ದರು. ಹಬ್ಬವಿಲ್ಲದ ತಿಂಗಳುಗಳಿಗೆಂದು ಅವರೇ ನಾಲ್ಕು ಸೀರಿಯಲ್ ಸೆಟ್ ಕೊಂಡು, ಮಗ್ಗದ ಅತ್ತಿಗೆಯ ಮನೆಯ ಹಿಂದಿನ ಗೋಡೆಗೆ ಮೊಳೆ ಹೊಡೆಸಿದರು. ಮಿಣುಕುವ ಬಲ್ಬನ್ನು ಮೊದಲು ಕಿತ್ತುಹಾಕುತ್ತಿದ್ದರು. "ಒತ್ತೋ ಒತ್ಗೆ ಕಣ್ಮುಚ್ಚೋ ದೀಪ ನಂಗೆ ಬ್ಯಾಡ."

ಪಾಠ ಕೇಳಲು ಬಂದವರಿಗೆ ಅವರು ಮುಚ್ಚಿಟ್ಟವರಲ್ಲ. "ಆಳು ಅತ್ರಕ್ಕೆ, ದೀಪ ದೂರಕ್ಕೆ, ಲೆನ್ಸಿನ ಬಾಯಿ ಅಗಲಕ್ಕೆ. ಇಷ್ಟೇ ಕಣ್ಲಾ," ಎಂದುಬಿಡುತ್ತಿದ್ದರು. ಯಳಂದೂರಿನಲ್ಲಿ ಇನ್ನೊಬ್ಬರು ಹಾಗೆಯೇ ಶುರು ಮಾಡಿದರು. ಅವರ ಗುಳ್ಳೆಗಳು ಚೆನ್ನಾಗಿಯೇ ಬರುತ್ತಿದ್ದವು. ಮುಖಗಳು ಮಾತ್ರ ಹೆದರಿಕೊಂಡಿರುತ್ತಿದ್ದವು.

ಶಾಗ್ಯದ ಒಬ್ಬ ರೈತ ತನ್ನ ಎತ್ತನ್ನು ಹೊಡೆದುಕೊಂಡು ಬಂದದ್ದು ಇಡೀ ಬೀದಿಗೆ ನೆನಪಿದೆ. ಎತ್ತಿಗೆ ವಯಸ್ಸಾಗಿತ್ತು. "ನನ್ ಮದ್ವೆಗಿಂತ ಮುಂಚೆ ಬಂದುದ್ದು ಕಣ್ರವ್ವ. ಇನ್ನು ಹೂಡಾಕಿಲ್ಲ. ಓಗೋಕ್ ಮುಂಚೆ ಒಂದು ಗುಳ್ಳೆ ಫೋಟೋ ಇರ್ಲಿ," ಎಂದ. ಎತ್ತನ್ನು ತಾರಸಿಗೆ ಹತ್ತಿಸಲು ಆಗುವುದಿಲ್ಲ. ಅಕ್ಕ ಸೀರಿಯಲ್ ಸೆಟ್ಟನ್ನು ಓಣಿಯ ಆ ತುದಿಗೆ ಕಟ್ಟಿಸಿ, ಎತ್ತನ್ನು ಈ ತುದಿಯಲ್ಲಿ ನಿಲ್ಲಿಸಿ, ತಾವು ನೆಲಕ್ಕೆ ಮಂಡಿಯೂರಿದರು. ನಾನು ತಮಾಷೆಗೆ, "ಅದಕ್ಕೇನು ಸಾರು ಅಂತ ಕೇಳ್ತೀರಕ್ಕ?" ಎಂದೆ. ಅಕ್ಕ ನನ್ನನ್ನು ಕೆಕ್ಕರಿಸಿ ನೋಡಿ, ರೈತನಿಗೆ, "ದಿನಾ ಏನಂತ ಕರೀತೀಯೋ ಅಂಗೇ ಕರಿ," ಎಂದರು. ಅವನು ಕರೆದ. ಎತ್ತು ಕಿವಿ ನಿಮಿರಿಸಿ ಅವನ ಕಡೆ ತಿರುಗಿತು. ಅಕ್ಕ ತೆಗೆದ ಫೋಟೋಗಳಲ್ಲೆಲ್ಲ ಅಣ್ಣನಿಗೆ ಬಾಯಿಮಾತಿನಲ್ಲಿ ವಿವರಿಸಲು ಅವರಿಗೆ ಅತಿ ಹೆಚ್ಚು ಹೊತ್ತು ಹಿಡಿದದ್ದು ಅದೇ ಅಂತ ಕಾಣುತ್ತದೆ. ಮಳೆ ಬರುವವರೆಗೂ ಕೂತು ಹೇಳಿದರು.

ನನ್ನ ಅಜ್ಜಿಯನ್ನೂ ಮಾಂಬಳ್ಳಿಯಿಂದ ಕರೆತಂದಿದ್ದೆ. ಫೋಟೋ ತೆಗೆದರೆ ಆಯಸ್ಸು ಕಮ್ಮಿಯಾಗುತ್ತದೆ ಎಂದು ನಂಬಿದ್ದ ಮುದುಕಿ. ತೆಗೆಸಿಕೊಂಡು, ಬಂದ ಮೇಲೆ ಕಣ್ಣ ಹತ್ತಿರ ಹಿಡಿದು ನೋಡಿ, "ನಾ ಸತ್ಮೇಲೆ ಇದ್ಕೆ ಆರ ಆಕ್ಬ್ಯಾಡಿ ಕಣ್ರಮ್ಮಿ, ಗುಳ್ಳೆ ಮುಚ್ಚೋಯ್ತವ," ಎಂದಿತು. ನಾವು ಹಾಕಿಲ್ಲ.

ಅಕ್ಕನನ್ನು ದೇವತೆ ಮಾಡುವುದು ನನಗೆ ಇಷ್ಟವಿಲ್ಲ. ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. ಫೋಟೋಗೆಂದು ಬೇರೆಯವರ ಒಡವೆ ಹಾಕಿಕೊಂಡು ಬಂದವರಿಗೆ, "ನಾಳೆ ವಾಪಸ್ ಕೊಡೋದ್ನ ಗೋಡೆ ಮ್ಯಾಲೆ ಯಾಕೆ ನೇತಾಕ್ಕೋತೀರಿ?" ಎಂದು ಮುಖಕ್ಕೆ ಹೊಡೆದ ಹಾಗೆ ಅನ್ನುತ್ತಿದ್ದರು. ಮದುವೆಯ ಊಟದಲ್ಲಿ ಸಾರಿಗೆ ಉಪ್ಪು ಹೆಚ್ಚಾದರೆ ಅಡುಗೆಯವರನ್ನು ಕರೆದು ಹೇಳುತ್ತಿದ್ದರು. ಅಣ್ಣ ಒಬ್ಬರೇ ಬೀದಿಗೆ ಇಳಿದರೆ ಕೂಗಾಡುತ್ತಿದ್ದರು. ಆ ಕೂಗಾಟದ ಹಿಂದಿನ ಹೆದರಿಕೆ ಗೊತ್ತಿದ್ದ ಅಣ್ಣ ಗೋಡೆ ಹಿಡಿದು ನಗುತ್ತ ನಿಂತಿರುತ್ತಿದ್ದರು.

ನನಗೆ ಮದುವೆಯಾಗಿ ಮೈಸೂರಿಗೆ ಹೋದೆ. ಕೊಳ್ಳೇಗಾಲದ ಎಕ್ಸ್‌ಚೇಂಜ್ ಆಟೋಮ್ಯಾಟಿಕ್ ಆಗಿ, ನಮ್ಮಂಥ ಆಪರೇಟರುಗಳನ್ನು ಬೇರೆ ಬೇರೆ ಮೇಜುಗಳಿಗೆ ಹಂಚಿಹಾಕಿದರು. ವರ್ಷಕ್ಕೆ ಮೂರು ನಾಲ್ಕು ಸಲ ಅಕ್ಕನನ್ನು ನೋಡಿ ಬರುತ್ತಿದ್ದೆ. ತೊಂಬತ್ತರ ದಶಕದ ನಡುವೆ ಅಣ್ಣ ಹೋದರು. ಕೊನೆಯ ದಿನಗಳಲ್ಲಿ ಅವರಿಗೆ ದೀಪಗಳೂ ಕಾಣುತ್ತಿರಲಿಲ್ಲವಂತೆ. ಆದರೂ ಅಕ್ಕ ಪ್ರತಿ ಫೋಟೋವನ್ನೂ ಅವರಿಗೆ ಹೇಳಿಯೇ ಗಿರಾಕಿಗೆ ಕೊಡುತ್ತಿದ್ದರು ಎಂದು ಮಗ್ಗದ ಅತ್ತಿಗೆ ನನಗೆ ಹೇಳಿದ್ದರು.

ಅಣ್ಣ ಹೋದ ಮೇಲೂ ಸ್ಟುಡಿಯೋ ನಡೆಯಿತು. ಆಮೇಲೆ ಕಾಲ ಬದಲಾಯಿತು. ಹೊಸ ಅಂಗಡಿಗಳಲ್ಲಿ ಕಂಪ್ಯೂಟರಿನಲ್ಲೇ ಹಿಂದೆ ಬೇಕಾದ್ದು ಅಂಟಿಸಿಕೊಡುತ್ತಿದ್ದರು. ಗುಳ್ಳೆಗಳನ್ನೂ ಅಂಟಿಸುತ್ತಿದ್ದರು. ನಾನು ಹೊಟ್ಟೆಯುರಿಯಿಂದ ಹೇಳಿದರೆ ಅಕ್ಕ, "ಬುಡಮ್ಮಿ. ಅವ್ರಿಗೆ ಸಂಜೆಗಂಟ ಕಾಯೋ ಕಷ್ಟ ಇಲ್ವಲ್ಲ," ಎಂದಷ್ಟೇ ಅಂದರು.

ಅಕ್ಕನ ಎರಡು ಕಣ್ಣಿಗೂ ಪೊರೆ ಬಂದದ್ದು ಹೋದ ವರ್ಷ. ಇದು ಅಣ್ಣನ ಥರದ್ದಲ್ಲ. ಆಪರೇಷನ್ ಮಾಡಿದರೆ ಹೋಗುವಂಥದ್ದು. ಮೈಸೂರಿನಲ್ಲಿ ನಾನೇ ತೋರಿಸಿದೆ. ಡಾಕ್ಟರು ಮುಂದಿನ ವಾರವೇ ಬನ್ನಿ ಎಂದರು. ಅಕ್ಕ ಒಪ್ಪಲಿಲ್ಲ. "ದೀಪಾವಳಿ ಕಳೀಲಿ," ಎಂದರು. ಎಷ್ಟು ಹೇಳಿದರೂ ಕೇಳಲಿಲ್ಲ. ಆ ದೀಪಾವಳಿಗೆ ಎದುರಂಗಡಿಯವರು ಹಾಕಿದ ದೀಪಗಳು ಪೊರೆಗಣ್ಣಿಗೆ ಗುಳ್ಳೆಯಾಗಿ ಕಾಣುವುದನ್ನು ಮೂರು ಸಂಜೆ ಅವರು ಒಬ್ಬರೇ ತಾರಸಿಯ ಮೇಲೆ ಕೂತು ನೋಡಿದರಂತೆ. ಕ್ಯಾಮೆರಾ ಒಯ್ದಿರಲಿಲ್ಲವಂತೆ.

ಇಲ್ಲಿ ನನ್ನ ವಿಷಯ ಎರಡು ಮಾತು ಹೇಳಬೇಕು. ಆಗ್ಗೆ ಒಂದು ವರ್ಷದಿಂದ ನಾನೂ ನನ್ನ ಗಂಡನೂ ಜೊತೆಯಲ್ಲಿರಲಿಲ್ಲ. ಯಾಕೆ ಎಂಬುದು ಈ ಬರಹದ ವಿಷಯವಲ್ಲ. ನಾನು ಯಾರಿಗೂ ಹೇಳಿರಲಿಲ್ಲ; ಮಾಂಬಳ್ಳಿಯಲ್ಲಿದ್ದ ಅಮ್ಮನಿಗೂ ಹೇಳಿರಲಿಲ್ಲ. ಏನಾದರೂ ಆಗಲಿ, ದನಿ ಒಂದೇ ಸಮ ಇರಬೇಕು ಎಂದು ಎಕ್ಸ್‌ಚೇಂಜಿನಲ್ಲಿ ಕಲಿಸಿದ್ದರು. ಆ ದನಿಯಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದೆ. ಎದುರಿಗೆ ಹೋದಾಗಲೂ ಅದೇ ದನಿ. ಅಕ್ಕನ ಕಣ್ಣಿಗೆ ಪೊರೆ ಇತ್ತಲ್ಲ, ಸಾಕಾಗುತ್ತಿತ್ತು.

ಆಪರೇಷನ್ನಿನ ಮರುದಿನ ಬೆಳಗ್ಗೆ ನರ್ಸ್ ಬಂದು ಕಣ್ಣಿನ ಪಟ್ಟಿ ಬಿಚ್ಚಿದರು. ನಾನು ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತ, "ಹೇಗಿದೆ ಅಕ್ಕ, ಎಲ್ಲ ಸರಿಯಾಗಿ ಕಾಣ್ತಿದೆಯಾ?" ಎಂದು ಕೇಳಿದೆ. ತಲೆ ಎತ್ತಿದರೆ ಅವರು ನನ್ನನ್ನೇ ನೋಡುತ್ತಿದ್ದರು. ಜನರನ್ನು ಕ್ಯಾಮೆರಾದ ಮುಂದೆ ಕೂರಿಸಿಕೊಂಡಾಗ ನೋಡುತ್ತಿದ್ದ ನೋಟ.

"ಯಾವಾಗಿಂದ ಇಂಗವಳೆ ಈ ಎಣ್ಣು?" ಎಂದರು. ನನ್ನನ್ನು ಕೇಳಿದರೋ ತಮ್ಮನ್ನೇ ಕೇಳಿಕೊಂಡರೋ.

"ಏನಿಲ್ಲ ಅಕ್ಕ, ನಿದ್ದೆ ಸಾಲ್ತಿಲ್ಲ."

"ಫೋನ್ನಾಗೆ ಮಾತಾಡೋ ದನಿ ಬುಡು. ಕಾಪಿ ಅಲ್ಲಿಡು. ಬಾ ಇಲ್ಲಿ, ಕೂತ್ಕೊ. ಯೋಳು."

ಹೇಳಿದೆ. ಒಂದು ವರ್ಷದ್ದನ್ನು ಕಾಫಿ ತಣ್ಣಗಾಗುವಷ್ಟರಲ್ಲಿ ಹೇಳಿ ಮುಗಿಸಿದೆ. ಅಳಬೇಡಿ ಎಂದು ನರ್ಸ್ ಇಬ್ಬರಿಗೂ ಬೈದರು. ಅಕ್ಕನಿಗೆ ಆಪರೇಷನ್ ಆದ ಕಣ್ಣು ಎಂದು, ನನಗೆ ಅವರನ್ನು ಅಳಿಸುತ್ತಿದ್ದೇನೆ ಎಂದು. ಅಕ್ಕ ಹೀಗೆ ಮಾಡು, ಹಾಗೆ ಮಾಡು ಎಂದು ಏನೂ ಹೇಳಲಿಲ್ಲ. ಹೊರಡುವಾಗ ಮಾತ್ರ, "ನಿಮ್ಮವ್ವಂಗೆ ಯೋಳು. ಮಿಕ್ಕೋರ್ಗೆ ನಿಂಗೆ ಯಾವಾಗ ಆಯ್ತದೋ ಆವ್ಗ ಯೋಳು," ಎಂದರು. ಆ ಭಾನುವಾರ ಮಾಂಬಳ್ಳಿಗೆ ಹೋಗಿ ಅಮ್ಮನಿಗೆ ಹೇಳಿದೆ.

ಅಕ್ಕ ಹೋದದ್ದು ಈ ವರ್ಷ, ಮಧ್ಯಾಹ್ನದ ಊಟ ಮಾಡಿ ಮಲಗಿದವರು ಏಳಲಿಲ್ಲ. ತಿಥಿಗೆ ನಾನು ಒಬ್ಬಳೇ ಹೋದೆ. ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಹನೂರಿನಿಂದ, ಯಳಂದೂರಿನಿಂದ, ಬೆಟ್ಟದ ತಪ್ಪಲಿನ ಹಳ್ಳಿಗಳಿಂದ ಜನ ಬಂದಿದ್ದರು. ಎಷ್ಟೋ ಜನ ತಮ್ಮ ಗುಳ್ಳೆ ಫೋಟೋಗಳನ್ನು ಚೀಲದಲ್ಲಿ ತಂದು ಒಬ್ಬರಿಗೊಬ್ಬರು ತೋರಿಸಿಕೊಳ್ಳುತ್ತಿದ್ದರು. ಮಗ್ಗದ ಅತ್ತಿಗೆಗೂ ಈಗ ತಲೆ ಪೂರ್ತಿ ನರೆತಿದೆ. ಅಕ್ಕನಿಗೆ ಇಪ್ಪತ್ತು ಮೂವತ್ತು ವರ್ಷ ದಿನಾ ಸಂಜೆ ಮಾತಿಗೆ ಜೊತೆಯಾಗಿದ್ದವರು ಅವರು. ಅಕ್ಕ ಅವರಿಂದ ಯಾವ ಸುದ್ದಿಯನ್ನೂ ಮುಚ್ಚಿಟ್ಟವರಲ್ಲ ಎಂದು ನಾನು ತಿಳಿದಿದ್ದೆ. ಅತ್ತಿಗೆ ನನ್ನ ಕೈಹಿಡಿದುಕೊಂಡು ಹಿಂದೆ ಮುಂದೆ ನೋಡಿ ಕೇಳಿದರು, "ಒಬ್ಳೇ ಬಂದಾ? ಯಜಮಾನ್ರು ಬರ್ಲಿಲ್ವಾ?"

ಅಕ್ಕ ಹೇಳಿರಲಿಲ್ಲ.

"ನಾವು ಜೊತೆಗಿಲ್ಲ ಅತ್ತಿಗೆ. ಒಂದೂವರೆ ವರ್ಷವಾಯ್ತು," ಎಂದೆ. ದನಿ ಒಂದೇ ಸಮ ಇರಲಿಲ್ಲ, ಸರಿಮಾಡಲೂ ಹೋಗಲಿಲ್ಲ.

ಅವರು ನನ್ನ ಮುಖ ನೋಡಿದರು. "ಅಕ್ಕಂಗೆ ಗೊತ್ತಿತ್ತಾ?"

"ಗೊತ್ತಿತ್ತು."

ಅತ್ತಿಗೆ ಚಾಪೆಯ ಮೇಲೆ ಸ್ವಲ್ಪ ಪಕ್ಕಕ್ಕೆ ಸರಿದು, ನನ್ನನ್ನು ಎಳೆದು ಕೂರಿಸಿಕೊಂಡು, ನನ್ನ ಮುಂದೆ ಒಂದು ಎಲೆ ಹಾಕಿಸಿದರು.